ಕುಂಟುವ ಕುದುರೆಮರಿಗೆ ಎರಡನೆಯ ಎಕ್ಸ್‌ರೇ

ತೆಂಗಿನ ತೋಟ, ಹಳ್ಳಿಕಾರ್ ಎತ್ತುಗಳ ನೊಣವಿನಕೆರೆ ಸೀಮೆಯಲ್ಲಿ ಕುದುರೆಮರಿಯ ಎಲುಬಿನ ಮಾತೇಕೆ ಅನ್ನಿಸಬಹುದು. ಆದರೆ ತುರುವೇಕೆರೆ ದಾಟಿ ಮುಂದೆ ಹೋದರೆ ಇದೇ ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಕಾಲದ್ದೆಂದು ಹೇಳುವ ಕುದುರೆ ಫಾರಂ ಇದೆ. ಮರಿ ಕುಂಟಿದರೆ ‘ತಾಯಿ ತುಳಿದಿರಬೇಕು’ ಅನ್ನುವುದು ಕುದುರೆ ಸಾಕುವವರ ಹಳೆಯ ಸಮಾಧಾನ. ಹೊಕ್ಕುಳು ಬಾತ ಕರುವಿಗೆ ಆಮೇಲೆ ಮಂಡಿಯೂ ಊದುವುದನ್ನು ಕಂಡ ನಮ್ಮ ಕಡೆಯವರು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಹುಟ್ಟಿದ ಮೊದಲ ದಿನದೊಳಗೆ ಗಿಣ್ಣುಹಾಲು ಸಾಕಷ್ಟು ಸಿಗದಿದ್ದರೆ ಕರುವಿನಂತೆ ಕುದುರೆಮರಿಗೂ ರೋಗ ತಡೆಯುವ ಬಲವಿಲ್ಲ. ಹೊಕ್ಕುಳು, ಕರುಳು, ಶ್ವಾಸಕೋಶದಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯ ಎಲುಬು ಬೆಳೆಯುವ ತುದಿಯಲ್ಲಿ, ರಕ್ತ ನಿಧಾನವಾಗಿ ಹರಿಯುವ ಕಡೆ ನೆಲೆಯೂರುತ್ತದೆ.

ಎಲುಬಿನ ಈ ಸೋಂಕನ್ನು ನೋಡಲು ಎಕ್ಸ್‌ರೇ ಬೇಕು. ಫಿಲ್ಮಿನ ಕಾಲದಲ್ಲಿ ಒಂದು ಎಕ್ಸ್‌ರೇ ಅಂದರೆ ಅರ್ಧ ದಿನದ ಕೆಲಸ. ಮರಿ ಹಿಡಿಯಲು ಇಬ್ಬರು, ಕ್ಯಾಸೆಟ್ ಹಿಡಿಯಲು ಸೀಸದ ಏಪ್ರನ್ ತೊಟ್ಟ ಇನ್ನೊಬ್ಬ, ಮರಿ ಬೆದರದಂತೆ ಪಕ್ಕದಲ್ಲೇ ತಾಯಿ. ಆಮೇಲೆ ಕತ್ತಲೆಕೋಣೆ, ಡೆವಲಪರ್, ಫಿಕ್ಸರ್, ಕ್ಲಿಪ್ಪಿಗೆ ನೇತುಹಾಕಿದ ಒದ್ದೆ ಫಿಲ್ಮು. ಮರಿ ಕದಲಿದ್ದರೆ ಎಲ್ಲ ಮಸುಕು. ಮತ್ತೊಂದು ತೆಗೆಯೋಣ ಅನ್ನಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಡಿಜಿಟಲ್ ಬಂದ ಮೇಲೆ ರೋಗ ಬೇಗ ಕಾಣುತ್ತದೆ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಎಲುಬಿನ ಖನಿಜ ಶೇ. 30ರಿಂದ 50ರಷ್ಟು ಕರಗುವವರೆಗೆ ಯಾವ ಎಕ್ಸ್‌ರೇಯಲ್ಲೂ ಅದು ಎದ್ದು ಕಾಣದು. ಅದಕ್ಕೆ ಒಂದೆರಡು ವಾರವೇ ಹಿಡಿಯಬಹುದು. ಬದಲಾದದ್ದು ಮತ್ತೆ ತೆಗೆಯುವ ಸಲೀಸು. ಯಂತ್ರ ಲಾಯದ ಬಾಗಿಲಿಗೇ ಬರುತ್ತದೆ. ಮೊದಲ ಚಿತ್ರ ಶುದ್ಧವಾಗಿದ್ದರೂ ಕೆಲವು ದಿನ ಬಿಟ್ಟು ಇನ್ನೊಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಬಹುದು. ಆ ಎರಡನೆಯ ಚಿತ್ರದಲ್ಲೇ ಬೆಳವಣಿಗೆಯ ಗೆರೆಯ ಬದಿಗೆ ಇಲಿ ಕಡಿದಂಥ ಕಪ್ಪು ಕಚ್ಚು ಸಿಗುವುದು. ಮೊದಲನೆಯದನ್ನು ನಂಬಿ ಔಷಧ ನಿಲ್ಲಿಸಿದರೆ ಕೆಟ್ಟಂತೆ.

ಕೀಲಿನಿಂದ ನೀರು ತೆಗೆದು ಪರೀಕ್ಷಿಸಿದರೆ ಸಾಲದೇ, ಚಿತ್ರವೇಕೆ ಅನ್ನುವವರಿದ್ದಾರೆ. ತೆಗೆಯಲೇಬೇಕು, ಮೊದಲ ದಿನವೇ. ಆದರೆ ಸೋಂಕು ಎಲುಬಿನ ಬೆಳವಣಿಗೆಯ ಗೆರೆಯಲ್ಲಷ್ಟೇ ಇದ್ದರೆ ಪಕ್ಕದ ಕೀಲಿನ ನೀರು ಹೆಚ್ಚುಕಡಿಮೆ ಸರಿಯಾಗಿಯೇ ಇರಬಹುದು. ಸಿ.ಟಿ., ಎಂ.ಆರ್.ಐ. ಇರುವಾಗ ಎಕ್ಸ್‌ರೇ ಹಳತಾಯಿತಲ್ಲವೇ ಅನ್ನುವ ಮಾತಿಗೆ ಹೆಚ್ಚು ತೂಕವಿದೆ. ಅವುಗಳಲ್ಲಿ ಬೇಗ ಕಾಣುವುದು ನಿಜ. ಆದರೆ ರಕ್ತವೇ ಕೆಟ್ಟಿರುವ ಮರಿಯನ್ನು ದೂರ ಸಾಗಿಸಿ, ಅರಿವಳಿಕೆ ಕೊಟ್ಟು ಮಲಗಿಸಬೇಕು. ಅದನ್ನು ವಾರಕ್ಕೊಮ್ಮೆ ಮಾಡಲಾಗದು. ಬೆನ್ನುಮೂಳೆ, ಸೊಂಟದ ಸೋಂಕಿಗೆ ಮಾತ್ರ ಸಿ.ಟಿ.ಯೇ ಮೇಲು. ಅಲ್ಲಿ ಎಕ್ಸ್‌ರೇ ತೆಗೆದರೆ ಮಾಂಸ, ಕರುಳು, ಎಲುಬು ಒಂದರ ಮೇಲೊಂದು ಬಿದ್ದು ಸರಿಯಾಗಿ ತಿಳಿಯುವುದು ಕಷ್ಟ.