ಕುಂದ್ರು

ರಾಜಾ ಹದಿನೆಂಟು ಕಿಲೋ ತೂಗುವ ಬೀದಿನಾಯಿ. ಪುಣೆಯ ನಮ್ಮ ಫ್ಲ್ಯಾಟಿಗೆ ಯಾರೇ ಬರಲಿ, ಎದೆಗೆ ಮುಂಗಾಲು ಕೊಟ್ಟು ಮುಖ ನೆಕ್ಕುವುದು ಅವನ ಸ್ವಾಗತದ ರೀತಿ. ಧಾರವಾಡದಿಂದ ಅವ್ವ ನಮ್ಮಲ್ಲಿಗೇ ಬಂದಿರುವುದೆಂದು ನಿಶ್ಚಯವಾದ ಮೇಲೆ ಅದು ಮುದ್ದಿನ ವಿಷಯವಾಗಿ ಉಳಿಯಲಿಲ್ಲ. ಸೊಂಟದ ಮೂಳೆ ಮುರಿದು ಆಪರೇಷನ್ ಆದವಳು; ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ. "ನಾಯಿ ಯಾರಿಗರೆ ಕೊಟ್ಟುಬಿಡು" ಎಂದ ಅಣ್ಣ. ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಮಗಿದ್ದದ್ದು ಐದು ವಾರ.

ಮೊದಲು ಬಂದ ತರಬೇತುದಾರ ಒಳಗೆ ಮುಳ್ಳಿರುವ ಕೊರಳಪಟ್ಟಿ ತಂದಿದ್ದ. ಚಹಾ ಕೊಟ್ಟು ಕಳಿಸಿದೆವು. ನೋವಿಗೆ ಹೆದರಿ ನಾಯಿ ಹಾರುವುದನ್ನು ಬಿಟ್ಟೀತು. ಆದರೆ ಬಾಗಿಲಿಗೆ ಯಾರೋ ಬಂದರೆ ನೋವಾಗುತ್ತದೆ ಎಂದೂ ಕಲಿತೀತು. ಬರುವವಳು ಅವ್ವ.

ತಿನಿಸು ಕೊಟ್ಟು ಕಲಿಸುವುದರ ಹಿಂದಿನ ಲೆಕ್ಕ ಹಳೆಯದು. ಯಾವುದರ ಬೆನ್ನಿಗೆ ಸುಖ ಸಿಗುತ್ತದೋ ಅದನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳಿಂದ ತೋರಿಸಿದ್ದ. ಅದನ್ನು ನಾಯಿ ಸಾಕುವವರಿಗೆ ತಲುಪಿಸಿದವರಲ್ಲಿ ಕರೆನ್ ಪ್ರಯರ್ ಮುಖ್ಯರು. ಆಕೆ ಮೊದಲು ಪಳಗಿಸುತ್ತಿದ್ದದ್ದು ಡಾಲ್ಫಿನ್‌ಗಳನ್ನು. ಡಾಲ್ಫಿನ್ನಿಗೆ ಚೈನು ಹಾಕಿ ಎಳೆಯಲಾಗದಲ್ಲ!

ಬೇಯಿಸಿದ ಕೋಳಿಯ ಚೂರು, ಕಡಲೆಕಾಳಿನಷ್ಟು. ಉಪ್ಪು ಬೇಡ, ಈರುಳ್ಳಿಯಂತೂ ನಾಯಿಗೆ ವಿಷ. ಚೂರನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ ಮೂತಿ ಮೇಲೇಳುತ್ತದೆ, ಕುಂಡಿ ತಾನಾಗಿ ಇಳಿಯುತ್ತದೆ. ಕೈ ತೀರಾ ಎತ್ತರಕ್ಕೆ ಹೋದರೆ ಹಾರುತ್ತಾನೆ. ನೆಲ ಮುಟ್ಟಿದ ಕ್ಷಣವೇ "ಶಾಣ್ಯಾ" ಎಂದು ಚೂರು ಬಾಯಿಗೆ. ಮೂರು ಸೆಕೆಂಡು ತಡವಾದರೆ ಅಷ್ಟರಲ್ಲಿ ಎದ್ದಿರುತ್ತಾನೆ; ಎದ್ದದ್ದಕ್ಕೆ ಸಂಬಳ ಕೊಟ್ಟ ಹಾಗೆ. ಆಮೇಲೆ ಬರಿಗೈಯಿಂದ ಅದೇ ಸನ್ನೆ, ತಿನಿಸು ಇನ್ನೊಂದು ಕೈಯಿಂದ. ಪದ ಎಲ್ಲಕ್ಕಿಂತ ಕೊನೆಗೆ.

ಯಾವ ಪದ? ಹೆಂಡತಿ ಮರಾಠಿಯಲ್ಲಿ "ಬಸ್" ಎನ್ನುತ್ತಾಳೆ, ಮಗಳು "ಸಿಟ್". ಅವ್ವನ ಬಾಯಿಗೆ ಒಗ್ಗುವುದು ಒಂದೇ. ಹೀಗೆ ಮನೆಯಲ್ಲಿ ಮೂವರೂ "ಕುಂದ್ರು" ಎನ್ನಲು ಕಲಿತರು. ಮಗಳು ತಪ್ಪಿಲ್ಲದೆ ಹೇಳುವ ಧಾರವಾಡದ ಮೊದಲ ಮಾತು ಅದೇ.

ಅಡುಗೆಮನೆಯಲ್ಲಿ ಕಲಿತದ್ದು ಬಾಗಿಲಲ್ಲಿ ಮರೆತುಹೋಗುತ್ತಿತ್ತು. ಹಾಗಾಗಿ ದಿನಾ ಹತ್ತು ನಿಮಿಷ ಬರೀ ಬೆಲ್ಲು ಒತ್ತುವುದು. ಹಾರಿದರೆ ಬಂದವರು ಬೆನ್ನು ತಿರುಗಿಸುತ್ತಿದ್ದರು, ಮಾತಿಲ್ಲ. ಕೂತರೆ ಚೂರೂ ಸಿಕ್ಕಿತು, ಮುದ್ದೂ ಸಿಕ್ಕಿತು. ವಾಚ್‌ಮನ್ ಕಾಕಾ ಅತಿಥಿಯ ಪಾತ್ರವನ್ನು ಬಹಳ ಗಂಭೀರವಾಗಿ ವಹಿಸಿದರು.

ಅವ್ವ ಬಂದ ಮೊದಲ ವಾರ ಅವನಿಗೆ ಹಗ್ಗ ಕಟ್ಟಿಯೇ ಇಟ್ಟೆವು. ಈಗ ವಾಕರಿನ ಸದ್ದು ಕೇಳಿದರೆ ಸಾಕು, ಯಾರೂ ಹೇಳದೆ ಕೂರುತ್ತಾನೆ. ಬಾಲ ಮಾತ್ರ ನೆಲ ಗುಡಿಸುತ್ತಿರುತ್ತದೆ. ಕೋಳಿ ಮುಟ್ಟದ ಅವ್ವ ಪನೀರಿನ ಚೂರು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ. ತೂಕ ಹತ್ತೊಂಬತ್ತೂವರೆಗೆ ಬಂದಿದೆ, ತಿನಿಸು ಕಡಿಮೆ ಮಾಡಿ ಎಂದಿದ್ದಾರೆ ಡಾಕ್ಟರು. ಅವ್ವನಿಗೆ ಹೇಳುವವರು ಯಾರು?