ಮೂರು ಊರು, ಐದು ಮಾತ್ರೆ

ಬರೆದುಕೊಂಡು ಹೋದದ್ದನ್ನು ಸಭೆಯಲ್ಲಿ ಪೂರ್ತಿ ಓದಲಾಗದೆ, ಕಾಗದ ಮಡಚಿಕೊಂಡು ಬಂದು ನೀವು ಎಂದಾದರೂ ಕುಳಿತಿದ್ದೀರಾ? ನನಗೆ ಆ ಅನುಭವವಾದದ್ದು ಅವ್ವನ ನುಡಿನಮನದ ದಿನ. ಅಂದು ಓದದೆ ಉಳಿದದ್ದು ಕೇವಲ ಒಂದು ಪರಿಚ್ಛೇದ. ಆದರೆ ಓದಲೇಬೇಕಾಗಿದ್ದುದು ಅದೊಂದೇ.

ನಾನಿರುವುದು ಗೋಕಾಕದಲ್ಲಿ. ಅವ್ವ ತನ್ನ ಕೊನೆಯ 6 ವರ್ಷಗಳನ್ನು ಕಳೆದದ್ದು ಹುಕ್ಕೇರಿಯಲ್ಲಿ, ಅಣ್ಣನ ಮನೆಯಲ್ಲಿ. ನುಡಿನಮನದಲ್ಲಿ ಮಾತನಾಡುವವರು ಅನೇಕರಿದ್ದುದರಿಂದ ಒಬ್ಬೊಬ್ಬರಿಗೆ 4 ನಿಮಿಷವೆಂದು ಹಿರಿಯರು ಮೊದಲೇ ತಿಳಿಸಿದ್ದರು. ಎರಡು ರಾತ್ರಿ ಕುಳಿತು ಬರೆದೆ. ಕೊನೆಯ ಪರಿಚ್ಛೇದವನ್ನು ವೈನಿಗಾಗಿ ಇಟ್ಟಿದ್ದೆ. ಹಾಸಿಗೆ ಹಿಡಿದ ಅವ್ವನಿಗೆ ಉಣಿಸಿ, ಮೈ ತೊಳೆದು, ರಾತ್ರಿಯೆಲ್ಲ ಎಚ್ಚರವಾಗಿದ್ದವರು ಅವರು. ಹೆತ್ತ ಮಕ್ಕಳಲ್ಲಿ ನಾನಂತೂ ಹಬ್ಬಕ್ಕೆ ಬಂದು ಹೋಗುವ ಅತಿಥಿಯಾಗಿದ್ದೆ. ಇದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕೆಂಬುದು ನನ್ನ ಇಚ್ಛೆಯಾಗಿತ್ತು.

ಸಮಯ ಸಾಲುವುದೋ ಇಲ್ಲವೋ ಎಂಬ ಚಿಂತೆಯನ್ನು ಮೂಡಲಗಿಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ. “ಅಪ್ಪಾ, ಅದಕ್ಯಾಕ ಚಿಂತಿ ಮಾಡ್ತೀರಿ? ನನಗ ಕಳಸ್ರಿ, ಕಂಪ್ಯೂಟರಿನ್ಯಾಗ ಹಾಕಿ ಎಷ್ಟು ಹೊತ್ತು ಆಗತೈತಿ ನೋಡಿ ಹೇಳ್ತೀನಿ” ಎಂದಳು. ಅಂತರಜಾಲದಲ್ಲಿ ಬರಹವನ್ನು ಅಳೆಯುವ ಸಾಧನಗಳಿವೆ. ಬರಹವನ್ನು ತುಂಬಿದೊಡನೆ ಪದಗಳೆಷ್ಟು, ಅಕ್ಷರಗಳೆಷ್ಟು, ಓದಲು ಹಿಡಿಯುವ ಕಾಲವೆಷ್ಟು ಎಂಬುದನ್ನು ಅವು ತೋರಿಸುತ್ತವೆ. ನನ್ನ ಬರಹದಲ್ಲಿ 420 ಪದಗಳು, ಓದುವ ಕಾಲ 1 ನಿಮಿಷ 46 ಸೆಕೆಂಡು ಎಂದು ಬಂತು. ಅರ್ಧಕ್ಕಿಂತ ಹೆಚ್ಚು ಸಮಯ ಉಳಿಯಿತಲ್ಲ ಎಂದು ಹಿಗ್ಗಿ, ಅವ್ವ ನಮ್ಮನ್ನು ಗೋಕಾಕ ಜಲಪಾತ ತೋರಿಸಲು ಕರೆದೊಯ್ದ ಪ್ರಸಂಗವನ್ನು ಆರಂಭಕ್ಕೆ ಸೇರಿಸಿದೆ. ಪದಗಳು 540 ಆದವು. ಸಾಧನ ತೋರಿಸಿದ್ದು 2 ನಿಮಿಷ 16 ಸೆಕೆಂಡು ಮಾತ್ರ. ನಿಶ್ಚಿಂತನಾಗಿ ಹುಕ್ಕೇರಿಗೆ ಹೊರಟೆ.

ಸಭೆಯಲ್ಲಿ ಮೂರನೆಯ ಪುಟದಲ್ಲಿರುವಾಗಲೇ ಹಿರಿಯರೊಬ್ಬರು ಗಡಿಯಾರ ನೋಡಿ ಮೆಲ್ಲಗೆ ಕೈಸನ್ನೆ ಮಾಡಿದರು. ನನ್ನ ನಂತರ ಇನ್ನೂ ಏಳು ಮಂದಿ ಇದ್ದರು. ವಂದಿಸಿ ಕುಳಿತೆ. ವೈನಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು.

ಊರಿಗೆ ಮರಳಿ ಗಡಿಯಾರವನ್ನು ಮುಂದಿಟ್ಟುಕೊಂಡು ಅದೇ ಬರಹವನ್ನು ಗಟ್ಟಿಯಾಗಿ ಓದಿದೆ. 5 ನಿಮಿಷ 40 ಸೆಕೆಂಡು ಹಿಡಿಯಿತು. ಸಾಧನ ಸುಳ್ಳು ಹೇಳಿತೇ? ಇಲ್ಲ, ಅದು ಬೇರೊಂದನ್ನು ಅಳೆದಿತ್ತು. ನಾವು ಬಳಸಿದ ಸಾಧನ ನಿಮಿಷಕ್ಕೆ 238 ಪದಗಳೆಂದು ಲೆಕ್ಕ ಹಾಕುತ್ತದೆ. ಬೆಲ್ಜಿಯಂ ದೇಶದ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಸರಾಸರಿ ಅದು. ಆದರೆ ಅದು ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿಕೊಳ್ಳುವ ವೇಗ. ಗಟ್ಟಿಯಾಗಿ ಓದಿದರೆ ಇಂಗ್ಲಿಷಿನಲ್ಲೂ ಅದು 183ಕ್ಕೆ ಇಳಿಯುತ್ತದೆ. ಇನ್ನು ನಮ್ಮ ಪದಗಳೋ, ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವಂಥವು. ‘ಮನೆಯಲ್ಲಿರುವವರಿಗೆ’ ಎಂಬುದು ನಮಗೆ ಒಂದು ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಏಳು ಪದಗಳು ಬೇಕು. ಸಾಧನಕ್ಕೆ ಉದ್ದ ಪದವೂ ಗಿಡ್ಡ ಪದವೂ ಒಂದೊಂದೇ ಪದ!

ಅಕ್ಷರಗಳ ಲೆಕ್ಕವೂ ಹಾಗೆಯೇ. ಕುತೂಹಲಕ್ಕೆಂದು ನಮ್ಮ ಮೂರು ಊರುಗಳ ಹೆಸರುಗಳನ್ನು ಹಾಕಿ ನೋಡಿದೆ. ಗೋಕಾಕಕ್ಕೆ 5, ಮೂಡಲಗಿಗೆ 6, ಹುಕ್ಕೇರಿಗೆ 8 ಎಂದು ತೋರಿಸಿತು. ಕಂಪ್ಯೂಟರು ಮೂಲಾಕ್ಷರ, ಸ್ವರಚಿಹ್ನೆ, ಒತ್ತನ್ನು ಬೆಸೆಯುವ ಚಿಹ್ನೆ ಇವೆಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಕ್ಕೇ’ ಎಂಬ ಒಂದೇ ಅಕ್ಷರ ಅದರ ಪಾಲಿಗೆ ನಾಲ್ಕು. ನಾವು ಶಾಲೆಯಲ್ಲಿ ಕಲಿತಂತೆ ಎಣಿಸಿದರೆ ಗೋಕಾಕ 3, ಮೂಡಲಗಿ 4, ಹುಕ್ಕೇರಿ 3.

ಆದರೆ ಇವೆರಡೂ ಕಾಲದ ಅಳತೆಗಳಲ್ಲ. ಉಚ್ಚಾರಣೆಯ ಕಾಲವನ್ನು ಅಳೆಯಲು ನಮ್ಮ ಹಿರಿಯರು ಮಾತ್ರೆಯೆಂಬ ಅಳತೆಯನ್ನು ಇಟ್ಟುಕೊಂಡಿದ್ದರು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ಅದಕ್ಕೆ ಎರಡು. ಈಗ ಎಣಿಸಿ ನೋಡಿ: ಗೋ-ಕಾ-ಕ, ಎರಡು ಎರಡು ಒಂದು. ಮೂ-ಡ-ಲ-ಗಿ, ಎರಡು ಒಂದು ಒಂದು ಒಂದು. ಹು-ಕ್ಕೇ-ರಿ, ಎರಡು ಎರಡು ಒಂದು. ಮೂರೂ ಊರುಗಳಿಗೆ ಸರಿಯಾಗಿ ಐದೈದು ಮಾತ್ರೆ! ಯಂತ್ರ ಉದ್ದ ಗಿಡ್ಡವೆಂದು ಬೇರ್ಪಡಿಸಿದ್ದನ್ನು ಛಂದಸ್ಸು ಸಮವಾಗಿ ತೂಗುತ್ತದೆ. ಕನ್ನಡಕ್ಕೆ ಛಂದಶ್ಶಾಸ್ತ್ರವನ್ನು ಕೊಟ್ಟವನು ಹತ್ತನೆಯ ಶತಮಾನದ ನಾಗವರ್ಮ. ಅವನ ‘ಛಂದೋಂಬುಧಿ’ಯನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಿಂದ ಹೊರತಂದವರು, ಮುಂದೆ 1894ರಲ್ಲಿ ಮಹಾ ನಿಘಂಟನ್ನು ನೀಡಿದ ರೆವರೆಂಡ್ ಕಿಟೆಲ್. ದೂರದ ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ನಮ್ಮ ಮಾತಿನ ಅಳತೆಯನ್ನು ಕಲಿತರು. ಶಾಲೆಯಲ್ಲಿ ಲಘು-ಗುರು ಗುರುತು ಹಾಕಿ ಅಂಕ ಪಡೆದ ನಾನು ಅದನ್ನು ಮರೆತಿದ್ದೆ.

ಹಾಗೆಂದು ಸಾಧನಗಳು ಬೇಡವೆನ್ನಲಾರೆ. ಪತ್ರಿಕೆಗೆ ಇಷ್ಟು ಪದಗಳ ಬರಹ ಬೇಕೆಂದಾಗ ಅವು ಕ್ಷಣದಲ್ಲಿ ಎಣಿಸಿಕೊಡುತ್ತವೆ. ಆದರೆ ಕಿವಿಗಾಗಿ ಬರೆದದ್ದನ್ನು ನಾಲಿಗೆಯಿಂದಲೇ ಅಳೆಯಬೇಕು. 2024ರ ಜೂನ್ 12ರಂದು ಪೋಪ್ ಫ್ರಾನ್ಸಿಸರು ಪ್ರಬೋಧನೆ 8 ನಿಮಿಷಗಳನ್ನು ಮೀರಬಾರದೆಂದು ಗುರುಗಳಿಗೆ ಹೇಳಿದರು. ಆಮೇಲೆ ಜನರ ಗಮನ ಚದುರುತ್ತದೆ, ನಿದ್ದೆ ಬರುತ್ತದೆ ಎಂದರು. ಅವರು ಲೆಕ್ಕ ಹಿಡಿದದ್ದು ಪದಗಳಲ್ಲಿ ಅಲ್ಲ, ಕೇಳುವವರ ತಾಳ್ಮೆಯಲ್ಲಿ.

ಮುಂದಿನ ವಾರ ಬಸ್ಸು ಹತ್ತಿ ಮತ್ತೆ ಹುಕ್ಕೇರಿಗೆ ಹೋದೆ. ಅಡಿಗೆಮನೆಯಲ್ಲಿ ವೈನಿಯ ಎದುರು ಕುಳಿತು ಆ ಪರಿಚ್ಛೇದವನ್ನು ಓದಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟೆಲ್ಲಾ ಯಾಕ ಬರೀಲಿಕ್ಕ ಹೋದ್ರಿ? ಚಾ ಆರತೈತಿ, ಕುಡೀರಿ” ಎಂದರು. ಸಮಾಧಾನವಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಸಭೆಯಲ್ಲಿ ಸಲ್ಲಬೇಕಾದ ಋಣ ಅಡಿಗೆಮನೆಯಲ್ಲಿ ಅರ್ಧವೇ ಸಲ್ಲುತ್ತದೆ.

ಆದುದರಿಂದ, ಓದುಗರೇ, ನೀವು ಸಭೆಗಾಗಿ ಏನನ್ನಾದರೂ ಬರೆದರೆ ಮನೆಯಲ್ಲಿ ಒಮ್ಮೆ ಗಡಿಯಾರವಿಟ್ಟುಕೊಂಡು ಗಟ್ಟಿಯಾಗಿ ಓದಿರಿ. ಮತ್ತು ಯಾರ ಹೆಸರನ್ನು ಹೇಳದಿದ್ದರೆ ನಿಮಗೆ ನಿದ್ದೆ ಬಾರದೋ, ಆ ಹೆಸರನ್ನು ಕೊನೆಯ ಪುಟಕ್ಕೆ ಇಡಬೇಡಿರಿ.