ಸರ್ಟಿಫಿಕೇಟ್ ಇದೆಯೇನಮ್ಮಾ?



ಜೂನ್ 20 ವಿಶ್ವ ನಿರಾಶ್ರಿತರ ದಿನ. ಬೆಳಿಗ್ಗೆಯಿಂದ ಎಲ್ಲರ ಗೋಡೆ ಮೇಲೂ ಗಾಜಾ, ಸುಡಾನ್ ಚಿತ್ರಗಳು. ನೋಡಿ ಸಂಕಟ ಆಯ್ತು. ಅದರ ಜೊತೆಗೆ ನಮ್ಮ ಸಿಂಧನೂರಿನ ಒಂದು ವಿಷಯವನ್ನೂ ಹೇಳಬೇಕು. ಅದರಲ್ಲಿ ನನ್ನ ತಪ್ಪಿದೆ, ಅದಕ್ಕೇ ಇಷ್ಟು ದಿನ ಬರೆದಿರಲಿಲ್ಲ.

ಸಿಂಧನೂರು ತಾಲೂಕಿನಲ್ಲಿ ಆರ್.ಎಚ್. ಕ್ಯಾಂಪ್‌ಗಳಿವೆ. ಗಲಭೆಗೆ ಹೆದರಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತ್ತು. ನಮ್ಮ ಅವ್ವ ಅಲ್ಲಿಗೆ ಭತ್ತದ ನಾಟಿಗೆ ಕೂಲಿ ಹೋಗ್ತಿದ್ದಳು. "ದೂರದಿಂದ ಬಂದವರಿಗೆ ಹೊಲ ಐತಿ, ಇಲ್ಲೇ ಹುಟ್ಟಿದ ನಮಗ ಹೂಳಾಕೂ ಜಾಗ ಇಲ್ಲ" ಅಂತಿದ್ದಳು. ಅವಳ ಮಾತು ಸುಳ್ಳಲ್ಲ. ಆದರೆ ಅದನ್ನೇ ಕೇಳಿ ಬೆಳೆದ ನನಗೆ, ಈ ಕ್ಯಾಂಪಿನವರು ಯಾರು ಅಂತ ವಿಚಾರಿಸಬೇಕು ಅನ್ನಿಸಲೇ ಇಲ್ಲ.

2020ರ ಲಾಕ್‌ಡೌನ್. ದಾನಿಗಳೊಬ್ಬರು ಎಸ್ಸಿ ಕುಟುಂಬಗಳಿಗೆ ಅಂತ ಅಕ್ಕಿ, ಬೇಳೆ, ಎಣ್ಣೆ ಕಿಟ್ ಕಳಿಸಿದ್ದರು. ಪಟ್ಟಿ ನನ್ನ ಕೈಲಿತ್ತು. ಸಾಲಿನಲ್ಲಿ ಕ್ಯಾಂಪಿನ ಒಬ್ಬ ಅಜ್ಜಿ. ಅವರ ಜಮೀನು ಮಕ್ಕಳು ಮೊಮ್ಮಕ್ಕಳಿಗೆ ಹಂಚಿ ಚೂರಾಗಿತ್ತು. "ಜಾತಿ ಸರ್ಟಿಫಿಕೇಟ್ ಇದೆಯೇನಮ್ಮಾ?" ಕೇಳಿದೆ. ಇಲ್ಲ ಅಂದರು. "ಇದು ಎಸ್ಸಿಗಳಿಗೆ ಮಾತ್ರ" ಅಂದೆ.

ಅಜ್ಜಿ ಸಿಟ್ಟಾಗಲಿಲ್ಲ. "ನಮ್ಮ ದೇಶದಾಗ ನಮ್ಮ ಕೈ ನೀರು ಕುಡೀತಿರಲಿಲ್ಲ ತಮ್ಮಾ. ಆವಾಗ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ" ಅಂದು ಚೀಲ ಮಡಚಿಕೊಂಡು ಹೊರಟರು.

ಅವರು ನಾಮಶೂದ್ರರು. ಬಂಗಾಳದ ಅಸ್ಪೃಶ್ಯರು. 1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಗೆಲ್ಲಿಸಲು ದುಡಿದ ಜೋಗೇಂದ್ರನಾಥ ಮಂಡಲ್ ಇದೇ ಸಮುದಾಯದವರು. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾಗಿದ್ದ ಅವರೇ 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬರಬೇಕಾಯ್ತು. ಇನ್ನು ಹೊಲ ಉಳುವವರ, ಮೀನು ಹಿಡಿಯುವವರ ಪಾಡೇನು?

ನೆರವಿಗೂ ಜಾತಿ ಇತ್ತು. ಮೊದಲು ಬಂದ ಮೇಲ್ಜಾತಿಯವರಲ್ಲಿ ಬಹಳ ಜನ ಕಲ್ಕತ್ತದ ಸುತ್ತ ಖಾಲಿ ಜಾಗ ಹಿಡಿದು ಕಾಲೊನಿ ಕಟ್ಟಿಕೊಂಡರು. ಅವರಿಗೆ ಓದು, ನೆಂಟರು, ಪರಿಚಯ ಇತ್ತು. ಆಮೇಲೆ ಬಂದ ನಾಮಶೂದ್ರ ರೈತರಲ್ಲಿ ಅನೇಕರನ್ನು ದಂಡಕಾರಣ್ಯಕ್ಕೆ ಸಾಗಿಸಲಾಯ್ತು. 1978ರಲ್ಲಿ ಅಲ್ಲಿಂದ ಸಾವಿರಾರು ಜನ ವಾಪಸ್ ಹೊರಟು ಸುಂದರಬನದ ಮರಿಚ್‌ಝಾಪಿ ದ್ವೀಪ ಸೇರಿದರು. ಸರ್ಕಾರದ ದುಡ್ಡಿಲ್ಲದೆ ತಾವೇ ಶಾಲೆ, ದವಾಖಾನೆ, ಕೊಳವೆಬಾವಿ ಮಾಡಿಕೊಂಡರು. 1979ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಎಡರಂಗ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಸುತ್ತ ಪೊಲೀಸ್ ಲಾಂಚುಗಳು. ಅನ್ನ, ನೀರು, ಔಷಧಿ ನಿಂತವು. ಗುಂಡೂ ಹಾರಿತು. ಮೇ ತಿಂಗಳಲ್ಲಿ ಒಕ್ಕಲೆಬ್ಬಿಸಿದರು. ಸತ್ತವರೆಷ್ಟು ಅನ್ನೋದು ಇವತ್ತಿಗೂ ವಿವಾದ. ಬಡವರ ಹೆಸರಲ್ಲಿ ಗೆದ್ದ ಸರ್ಕಾರ ಅದು, ನೆನಪಿರಲಿ.

ಸಿಂಧನೂರಿಗೆ ಬಂದವರಿಗೆ ಅಂಥ ಗತಿ ಬರಲಿಲ್ಲ. ಆದರೆ ಪಶ್ಚಿಮ ಬಂಗಾಳದಲ್ಲಿ ಎಸ್ಸಿ ಆಗಿರುವ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ. 341ನೇ ವಿಧಿಯ ಪ್ರಕಾರ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಅವರು ವರ್ಷಗಟ್ಟಲೆ ಕೇಳ್ತಾನೇ ಇದ್ದಾರೆ. ಜಾತಿ ಅವರ ಜೊತೆ ಗಡಿ ದಾಟಿ ಬಂತು, ಸರ್ಟಿಫಿಕೇಟ್ ಬರಲಿಲ್ಲ.

ಗೊತ್ತು, ಕೆಲವರು ಕಮೆಂಟ್‌ನಲ್ಲಿ ಕೇಳ್ತೀರಿ: "ಇರೋದ್ರಲ್ಲೇ ನಮ್ಮ ಪಾಲು ಸಿಗ್ತಿಲ್ಲ, ಇವರೂ ಬೇಕಾ?" ಒಳಮೀಸಲಾತಿಗಾಗಿ ಬೀದಿಯಲ್ಲಿ ಕೂತವನು ನಾನೂ. ಆ ಭಯ ನನಗೂ ಇದೆ. ಪಾಲಿನ ಲೆಕ್ಕ ಎಲ್ಲರೂ ಕೂತು ಮಾತಾಡೋಣ. ಆದರೆ ಹಸಿದು ಸಾಲಲ್ಲಿ ನಿಂತವರಿಗೆ ಕಾಗದ ಕೇಳೋದು ನಮಗೆ ಒಪ್ಪುವ ಕೆಲಸ ಅಲ್ಲ. ತಹಶೀಲ್ದಾರ್ ಕಚೇರಿ ಬಾಗಿಲಲ್ಲಿ ನನ್ನಪ್ಪನಿಗೆ ಕೇಳಿದ್ದೂ ಅದೇ ದನಿಯಲ್ಲಿ.

ಮರುದಿನ ಕಿಟ್ ಹೊತ್ತು ಅಜ್ಜಿಯ ಮನೆಗೆ ಹೋದೆ. "ಇವತ್ತು ಪಟ್ಟಿ ತಂದಿಲ್ಲೇನು?" ಅಂತ ನಕ್ಕರು. ನೀರು ಕೊಟ್ಟರು, ಕುಡಿದೆ. ಮನೆಗೆ ಬಂದು ಅವ್ವನಿಗೆ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ವರ್ಷ ಅವರ ಗದ್ದ್ಯಾಗ ನಾಟಿ ಮಾಡೀನಿ, ಅವರೂ ನಮ್ಮಂಗ ಅಂತ ಯಾರೂ ಹೇಳಲಿಲ್ಲ ನೋಡು" ಅಂದಳು.

ನಾವೂ ಕೇಳಿರಲಿಲ್ಲ.

ಜೈ ಭೀಮ್.